ಮರದ ಪಾದರಕ್ಷೆ ದುಡಿಯುವ ಕಾಲಿಗೆ ಒಗ್ಗಿದ್ದು ಹೇಗೆ?

ಪ್ರಶ್ನೆ: ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಹಲಸಿನ ಮರದ ಒಂದು ಜೊತೆ ಹಾವುಗೆಗಳಿವೆ. ಹಿರಿಯರು ಅವನ್ನು ಪೂಜೆಯ ಹೊತ್ತಿಗೆ ಮೆಟ್ಟುತ್ತಿದ್ದರೇ ಹೊರತು ತೋಟಕ್ಕೆ ಹಾಕಿಕೊಂಡು ಹೋದವರಲ್ಲ. ಯುರೋಪಿನಲ್ಲಿ ರೈತರೂ ಗಿರಣಿ ಕಾರ್ಮಿಕರೂ ಮರದ ಪಾದರಕ್ಷೆಯಲ್ಲೇ ದುಡಿಯುತ್ತಿದ್ದರಂತೆ. ಅದು ಹೇಗೆ ಸಾಧ್ಯವಾಯಿತು? ನಮ್ಮ ಅಡಕೆ ತೋಟಕ್ಕೂ ಅದು ಆದೀತೇ?
– ಓದುಗರೊಬ್ಬರು, ಪೆರ್ಲ, ಕಾಸರಗೋಡು ಜಿಲ್ಲೆ

ಉತ್ತರ: ಹಾವುಗೆಯನ್ನು ಬೆರಳುಗಳ ನಡುವಿನ ಗುಬುಟಿನಿಂದ ಮಾತ್ರ ಹಿಡಿದು ನಡೆಯಬೇಕಾದುದರಿಂದ, ಹೊರೆ ಹೊತ್ತು ಇಳಿಜಾರಿನಲ್ಲಿ ಇಳಿಯುವವರಿಗೆ ಅದು ಆಸರೆಯಾಗದು, ಮೇಲಿನಿಂದ ಬೀಳುವ ವಸ್ತುವಿನಿಂದ ಪಾದವನ್ನು ಕಾಯುವುದೂ ಇಲ್ಲ. ನೆದರ್‌ಲೆಂಡ್ಸಿನ ಕ್ಲೋಂಪ್ ಎಂಬ ಮರದ ಪಾದರಕ್ಷೆ ಹಾಗಲ್ಲ, ಅದು ಇಡೀ ಪಾದವನ್ನು ಒಳಗೆ ಸೇರಿಸಿಕೊಳ್ಳುತ್ತದೆ. ವಿಲ್ಲೋ ಅಥವಾ ಪಾಪ್ಲರ್ ಮರದ ಹಸಿ ತುಂಡನ್ನು ಹೊರಗಿನಿಂದ ಕೆತ್ತಿ, ಬಾಗಿದ ಅಲಗಿನ ಹತಾರದಿಂದ ಒಳಭಾಗವನ್ನು ತೋಡಿ ತೆಗೆದು, ಬಳಿಕ ವಾರಗಟ್ಟಲೆ ಒಣಗಿಸುತ್ತಿದ್ದರು. ಹಸಿಮರದಲ್ಲಿ ಹತಾರ ಸಲೀಸಾಗಿ ಓಡುತ್ತದೆ. ಒಣಗಿದ ಮೇಲೆ ಅದೇ ಮರ ಹಗುರವೂ ಗಟ್ಟಿಯೂ ಆಗುತ್ತದೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ದೊರೆತ ಇಂಥದೊಂದು ಪಾದರಕ್ಷೆ ಸುಮಾರು 1230ರ ಕಾಲದ್ದು. ಆ ತಗ್ಗುನೆಲದಲ್ಲಿ ತೊಗಲು ನೀರು ಕುಡಿದು ಹಾಳಾಗುತ್ತಿತ್ತು. ಅಗ್ಗದ ಮರವಾದರೋ ನೆಲದ ಶೀತವನ್ನು ಪಾದಕ್ಕೆ ಏರಗೊಡುತ್ತಿರಲಿಲ್ಲ, ದನ ಕಾಲು ತುಳಿದರೂ ಬೆರಳುಗಳನ್ನು ಉಳಿಸುತ್ತಿತ್ತು.

ಗಿರಣಿ ಕಾರ್ಮಿಕರ ವಿಚಾರಕ್ಕೆ ಬಂದರೆ, ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತ್ಯವನ್ನು ನೋಡಬೇಕು. ಅಲ್ಲಿ ಅಟ್ಟೆ ಮಾತ್ರ ಮರದ್ದು, ಮೇಲ್ಭಾಗ ತೊಗಲಿನದು. ನೂಲು ಕಡಿಯದಿರಲೆಂದು ಹತ್ತಿ ಗಿರಣಿಗಳ ಒಳಗೆ ತೇವವನ್ನು ಕಾಪಾಡುತ್ತಿದ್ದುದರಿಂದ ನೆಲವೂ ಒದ್ದೆಯಾಗಿರುತ್ತಿತ್ತು. ಆಲ್ಡರ್ ಮರದ ದಪ್ಪ ಅಟ್ಟೆಯು ದಿನವಿಡೀ ನಿಂತು ದುಡಿಯುವ ಹೆಂಗಸರ, ಮಕ್ಕಳ ಪಾದಗಳನ್ನು ಆ ಒದ್ದೆಯಿಂದ ಮೇಲೆತ್ತಿ ಹಿಡಿಯುತ್ತಿತ್ತು. ಅಟ್ಟೆಯ ಅಂಚಿಗೆ ಲಾಳದಂಥ ಕಬ್ಬಿಣದ ಪಟ್ಟಿ ಹೊಡೆಯುತ್ತಿದ್ದರು. ಸವೆದರೆ ಪಟ್ಟಿಯನ್ನಷ್ಟೇ ಬದಲಿಸಿದರಾಯಿತು. ಬಡ ಸಂಸಾರಕ್ಕೆ ಅದೇನೂ ಸಣ್ಣ ಉಳಿತಾಯವಾಗಿರಲಿಲ್ಲ. ಮರದ ಮೂಲಕ ಬಿಸಿ ಬೇಗ ಹರಿಯದ ಕಾರಣ ಲೋಹದ ಎರಕದ ಕೆಲಸಗಾರರೂ ಇದನ್ನೇ ನೆಚ್ಚಿಕೊಂಡಿದ್ದರು.

ಗದ್ದೆ ಬಲ್ಲ ನಿಮಗೆ ಜಪಾನಿನ ಉದಾಹರಣೆಯೂ ಹಿಡಿಸೀತು. ಶಿಜುವೊಕದ ತೊರೊ ಎಂಬಲ್ಲಿ 1943ರಲ್ಲಿ ಪತ್ತೆಯಾದ ಪ್ರಾಚೀನ ಹಳ್ಳಿಯ ಅವಶೇಷಗಳಲ್ಲಿ, ಭತ್ತದ ಗದ್ದೆಯ ಕೆಸರಿನಲ್ಲಿ ಕಾಲು ಹೂತುಹೋಗದಂತೆ ಕಟ್ಟಿಕೊಳ್ಳುತ್ತಿದ್ದ ಅಗಲವಾದ ಮರದ ಹಲಗೆಗಳು ಸಿಕ್ಕಿವೆ.

ರಬ್ಬರಿನ ಬೂಟುಗಳು ಅಗ್ಗವಾದ ಮೇಲೆ ಮರದ ಪಾದರಕ್ಷೆಯ ಬಳಕೆ ಕುಗ್ಗಿತು. ಆದರೂ ಕ್ಲೋಂಪ್ ಪರೀಕ್ಷೆಯಲ್ಲಿ ಗೆದ್ದು ಯುರೋಪಿನ ಸಿಇ ಸುರಕ್ಷತಾ ಗುರುತನ್ನು ಪಡೆದಿದೆ. ಪ್ರವಾಸಿಗರು ಕೊಳ್ಳುವ ಬಣ್ಣದ ಗೊಂಬೆಯಷ್ಟೇ ಅದು ಎಂದು ತಿಳಿಯುವುದು, ಅದನ್ನು ಮೆಟ್ಟಿ ದುಡಿದವರಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ನಿಮ್ಮ ತೋಟಕ್ಕೆ ಮಾತ್ರ ಅದನ್ನು ಸೂಚಿಸಲಾರೆ. ಸಮತಟ್ಟಾದ ಮೆದು ನೆಲಕ್ಕೆ ಹೊಂದುವ, ಬಾಗದ ಆ ಅಟ್ಟೆಯು ಮಳೆಗಾಲದಲ್ಲಿ ಹಾವಸೆ ಹಿಡಿದ ಮುರಕಲ್ಲಿನ ಮೆಟ್ಟಿಲ ಮೇಲೆ ಜಾರುತ್ತದೆ. ಕಣಿ ದಾಟುವಾಗ ಹಿಮ್ಮಡಿ ಕಳಚಿಕೊಳ್ಳಲೂಬಹುದು. ಅಲ್ಲಿಗೆ ಹಲ್ಲುಗಳುಳ್ಳ ಅಟ್ಟೆಯ ಗಂಬೂಟೇ ಸರಿ.