ಹಂಗಾಮಿಗೂ ಹಂಗಿಗೂ ನಂಟಿಲ್ಲ

ಹಂಗಾಮಿ ನೌಕರ ಎಂದರೆ ಇನ್ನೊಬ್ಬರ ಹಂಗಿನಲ್ಲಿರುವವನೇ ಎಂದು ಕೇಳಿದ್ದೀರಿ. ಅಲ್ಲ, ಅಂಥವರ ಪಾಡು ನೋಡಿದರೆ ಹಾಗೆ ಅನ್ನಿಸುವುದು ಸಹಜ, ಅಷ್ಟೇ. ‘ಹಂಗು’ ನಮ್ಮದೇ ಪದ. ‘ಹಂಗಾಮಿ’ಯ ಮೂಲ ಪಾರಸಿಯ ‘ಹಂಗಾಮ್’. ಅಲ್ಲಿ ಕಾಲ, ಹೊತ್ತು ಎಂದರ್ಥ. ಮರಾಠಿಯಲ್ಲೂ ‘ಹಂಗಾಮ’ ಎಂದರೆ ಋತುಮಾನ. ನಾವು ‘ಹಿಂಗಾರು ಹಂಗಾಮು’ ಎನ್ನುವಾಗ ಬಳಸುವುದೂ ಅದನ್ನೇ. ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಅರೆಯುವ ಹಂಗಾಮು ಶುರುವಾದಾಗ ಕೆಲಸಕ್ಕೆ ಸೇರಿ, ಅದು ಮುಗಿದೊಡನೆ ಊರಿಗೆ ಮರಳುವ ಕಾರ್ಮಿಕ ಅಕ್ಷರಶಃ ಹಂಗಾಮಿ. ಕಚೇರಿಯ ಕನ್ನಡದಲ್ಲಿ ಋತುವಿನ ನೆನಪು ಕಳಚಿ ‘ತಾತ್ಕಾಲಿಕ’ ಎಂಬುದಷ್ಟೇ ಉಳಿಯಿತು. ಹೊಸ ಶಾಸಕರಿಗೆ ಪ್ರಮಾಣವಚನ ಬೋಧಿಸುವ ಹಂಗಾಮಿ ಸ್ಪೀಕರ್ ಕೂಡ ಅದೇ ಅರ್ಥದವರು. ಗದ್ದಲ ಎಂಬ ಅರ್ಥದ ಹಿಂದಿಯ ‘ಹಂಗಾಮಾ’ವೂ ಇದೇ ಪಾರಸಿ ಮನೆತನದ್ದು.