ಅವಕಾಶ ಸಿಗದ ದಿನಗಳಲ್ಲೇ ಗೊತ್ತಾಗುತ್ತದೆ
ಮಗನಿಗೆ ವೇಗದ ಬೌಲಿಂಗ್ ಎಂದರೆ ಪ್ರಾಣ, ಆದರೂ ತಂಡದಲ್ಲಿ ಹೊರಗೇ ಕೂರಿಸುತ್ತಾರೆ, ಬರೀ ಪ್ರೀತಿ ಸಾಕೇ ಎಂದು ಮಂಡ್ಯದಿಂದ ಕೇಳಿದ್ದೀರಿ. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಅವರನ್ನೇ ನೋಡಿ, ಅಣ್ಣಾ. 1991ರಲ್ಲಿ ಆಸ್ಟ್ರೇಲಿಯಾದಲ್ಲಿ ಟೆಸ್ಟ್‌ಗೆ ಕಾಲಿಟ್ಟವರು ತವರಿನಲ್ಲಿ ಮೊದಲ ಟೆಸ್ಟ್ ಆಡಿದ್ದು 1994ರಲ್ಲಿ. ಮೂರು ವರ್ಷ! ಎಂಜಿನಿಯರಿಂಗ್ ಓದಿದವರು, ಬೇರೆ ದಾರಿ ಹಿಡಿಯಬಹುದಿತ್ತು. 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆ. 1999ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟ್‌ನಲ್ಲಿ 13 ವಿಕೆಟ್ ಕಿತ್ತರು. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹೊರಗೆ ಕೂತ ದಿನವೂ ನಿಮ್ಮ ಮಗ ಸಂಜೆ ಒಬ್ಬನೇ ಸ್ಟಂಪ್ ನೆಟ್ಟು ಚೆಂಡೆಸೆಯುತ್ತಾನೆಯೇ? ಹಾಗಿದ್ದರೆ ತಡೆಯಬೇಡಿ. ಭುಜ ನೋಯುತ್ತಿದೆ ಎಂದರೆ ಮಾತ್ರ ಚೆಂಡು ಎತ್ತಿಟ್ಟು ವೈದ್ಯರಿಗೆ ತೋರಿಸಿ. ಆಡುವ ಹುಮ್ಮಸ್ಸಿನಲ್ಲಿ ಮಕ್ಕಳು ನೋವನ್ನು ಮುಚ್ಚಿಡುತ್ತಾರೆ.