ಮೊದಲು ತಜಂಕ್, ಉಳಿದದ್ದು ಆಮೇಲೆ

ನಿಮ್ಮ ಪ್ರಶ್ನೆ ಇಷ್ಟು: ಬೆಂಗಳೂರಿನಿಂದ ಮಣಿಪಾಲಕ್ಕೆ ಬಂದು ಒಂದು ವರ್ಷ ಆಯಿತು, ಮಳೆಗಾಲದಲ್ಲಿ ಇಲ್ಲಿಯವರು ಕಾಡುಸೊಪ್ಪು, ಕಣಿಲೆ (ಎಳೆ ಬಿದಿರಿನ ಮೊಳಕೆ), ಅಣಬೆ ಅಂತ ತಿನ್ನುವುದು ನೋಡಿ ಆಸೆಯಾಗಿದೆ, ಫೋನಿನಲ್ಲಿ ಗಿಡ ಗುರುತಿಸುವ ಆ್ಯಪ್ ಉಂಟು, ಅದನ್ನು ನಂಬಿ ಶುರು ಮಾಡಬಹುದಾ?

ಆ್ಯಪ್ ನಂಬಿ ಬಾಯಿಗೆ ಹಾಕಬೇಡಿ ಮಾರಾಯ್ರೆ. ಹೆಸರು ಹುಡುಕಲಿಕ್ಕೆ ಅದು ಸಾಕು, ಊಟಕ್ಕೆ ಸಾಲದು. ನಾನು ಉಡುಪಿಯ ಹತ್ತಿರ ಪರ್ಕಳದಲ್ಲಿ ಬೆಳೆದವಳು, ಈಗ ಮಂಗಳೂರಿನಲ್ಲಿ ಕೆಲಸ. ನಲವತ್ತು ದಾಟಿದರೂ ಯಾರನ್ನೂ ಕೇಳದೆ ಕೊಯ್ದು ತಿನ್ನುವ ಧೈರ್ಯ ಇರುವುದು ಹದಿನೈದೋ ಹದಿನಾರೋ ಗಿಡಗಳ ಮೇಲೆ ಮಾತ್ರ. ನಮ್ಮ ದೊಡ್ಡಮ್ಮನಿಗೆ ಅದರ ಮೂರು ಪಾಲು ಗೊತ್ತಿತ್ತು. ಅವರು ಕಲಿಸಿದ ಕ್ರಮ ಹೀಗೆ: ವರ್ಷಕ್ಕೆ ಒಂದೋ ಎರಡೋ ಗಿಡ. ಒಂದು ಗಿಡ ಕಲಿತರೆ ಅದರ ಹಾಗೇ ಕಾಣುವ ಇನ್ನೊಂದನ್ನೂ ಕಲಿಯಬೇಕು. ಎರಡನೆಯದು ತಪ್ಪಿಸುವ ಹಾಗಿಲ್ಲ.

ನೀವು ತಜಂಕ್‌ನಿಂದ ಶುರು ಮಾಡಿ. ಕನ್ನಡದಲ್ಲಿ ಚಗಟೆ ಅಥವಾ ತಗಟೆ, ಕೊಂಕಣಿಯಲ್ಲಿ ಟಾಯ್ಕಿಳೊ. ಮಳೆ ಹಿಡಿದು ಸ್ವಲ್ಪ ದಿನಕ್ಕೆ ಖಾಲಿ ಸೈಟು, ಗುಡ್ಡದ ಬದಿ, ಶಾಲೆಯ ಮೈದಾನದ ಅಂಚು, ಎಲ್ಲಿ ನೋಡಿದರೂ ಎದ್ದಿರುತ್ತದೆ. ಒಂದು ಎಲೆದಂಟು ಕಿತ್ತು ಅಂಗೈಯಲ್ಲಿಟ್ಟು ನೋಡಿ. ಸಣ್ಣ ಎಲೆಗಳು ಮೂರು ಜೋಡಿ, ತುದಿಯ ಜೋಡಿ ಎಲ್ಲಕ್ಕಿಂತ ದೊಡ್ಡದು, ಎಲೆಯ ತುದಿ ಗುಂಡಗೆ. ಸಂಜೆ ಕತ್ತಲಾಗುವ ಹೊತ್ತಿಗೆ ಹೋದರೆ ಜೋಡಿ ಎಲೆಗಳು ಕೈಮುಗಿದು ಮಲಗಿರುತ್ತವೆ. ಅದು ಗುರುತು ಅಂತ ಹೇಳಿದ್ದಲ್ಲ, ನೋಡಲಿಕ್ಕೆ ಚೆಂದ, ಅದಕ್ಕೆ ಹೇಳಿದೆ. ಇನ್ನು ಇದರ ದಾಯಾದಿ ದೊಡ್ಡ ಚಗಟೆ, ಕಾಸಮರ್ದ ಅಂತಲೂ ಹೇಳುತ್ತಾರೆ. ಅದೂ ಇಂಥದ್ದೇ ಜಾಗದಲ್ಲಿ ಬೆಳೆಯುತ್ತದೆ. ಅದರದ್ದು ನಾಲ್ಕೈದು ಜೋಡಿ ಎಲೆ, ತುದಿ ಚೂಪು, ಉಜ್ಜಿದರೆ ಕೆಟ್ಟ ವಾಸನೆ. ಉತ್ತರ ಪ್ರದೇಶದ ಪಶ್ಚಿಮ ಭಾಗದಲ್ಲಿ ಅದರ ಬೀಜ ತಿಂದು ಮಕ್ಕಳು ಸತ್ತದ್ದನ್ನು ವೈದ್ಯರು ದಾಖಲಿಸಿದ್ದಾರೆ. ಹಾಗಾಗಿ ಮೂರು ಜೋಡಿ, ಗುಂಡು ತುದಿ ಎರಡೂ ಸರಿ ಇದ್ದರೆ ಮಾತ್ರ ಬುಟ್ಟಿಗೆ.

ಹೂ ಬಿಡುವ ಮೊದಲು ಎಳೆ ಕುಡಿ ಮಾತ್ರ ಚಿವುಟಿ. ಹಲಸಿನ ಬೀಜ ಜಜ್ಜಿ ಹಾಕಿದ ಪಲ್ಯ ತುಳುವರ ಆಟಿ ತಿಂಗಳಿಗೆ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಹೇಳಿ ಮಾಡಿಸಿದ್ದು. ಮೊದಲ ಸಲ ಎರಡು ತುತ್ತು ಸಾಕು, ಜಾಸ್ತಿಯಾದರೆ ಹೊಟ್ಟೆ ಸಡಿಲವಾಗುತ್ತದೆ.

ಕೆಸುವಿನ ಎಲೆಯ ಪಾಠ ನಾನು ಗಂಟಲಲ್ಲೇ ಕಲಿತದ್ದು. ಮಂಗಳೂರಿಗೆ ಬಂದ ಹೊಸತು, ಬಾಡಿಗೆ ರೂಮಿನ ಹಿಂದೆ ಆನೆಯ ಕಿವಿಯಷ್ಟು ದೊಡ್ಡ ಕೆಸು. ಪತ್ರೊಡೆ ಮಾಡಿಯೇ ಬಿಟ್ಟೆ. ಹುಳಿ ಇದ್ದದ್ದು ಒಂದು ಸಣ್ಣ ಉಂಡೆ, ಅಷ್ಟನ್ನೇ ಹಾಕಿದೆ. ಎರಡನೇ ತುಂಡು ಇಳಿಯುವಾಗ ಗಂಟಲಿಗೆ ಸೂಜಿ ಚುಚ್ಚಿದ ಹಾಗಾಯಿತು. ನಿಜಕ್ಕೂ ಸೂಜಿಗಳೇ, ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಹುಳಿಯನ್ನು ಧಾರಾಳ ಹಾಕಿ, ಚೆನ್ನಾಗಿ ಬೇಯಿಸುವುದು ಅದಕ್ಕೇ. ಫೋನ್ ಮಾಡಿದರೆ ದೊಡ್ಡಮ್ಮ ಮೊದಲು ಕೇಳಿದ್ದು "ಪುಳಿ ಪಾಡ್ದಿಜ್ಜಾ?" ಅಂತ, ಅಂದರೆ ಹುಳಿ ಹಾಕಲಿಲ್ಲವಾ ಅಂತ. ಎರಡನೇ ಪ್ರಶ್ನೆ, ಎಲ್ಲಿಂದ ಕೊಯ್ದದ್ದು? ಚರಂಡಿ ಬದಿಯಿಂದ ಅಂದೆ. "ಆ ನೀರಿಗೆ ನೀನು ಕಾಲು ಹಾಕ್ತೀಯಾ?" ಅಂದರು. ತುರಿಕೆಗಿಂತ ಆ ಪ್ರಶ್ನೆ ಹೆಚ್ಚು ಚುಚ್ಚಿತು.

ಪೇಟೆಯಲ್ಲಿ ಕೊಯ್ಯುವವರಿಗೆ ತಪ್ಪು ಗಿಡದಷ್ಟೇ ತಪ್ಪು ಜಾಗವೂ ಅಪಾಯ. ಒಂದೆಲಗ, ನಮ್ಮ ತಿಮರೆ, ಹಸಿಯಾಗಿಯೇ ಚಟ್ನಿಗೆ ಹೋಗುವಂಥದ್ದು. ಅದು ಚರಂಡಿ ಅಂಚಿನಲ್ಲಿ ಹುಲುಸಾಗಿ ಹಬ್ಬಿರುತ್ತದೆ. ಆಸೆಪಡಬೇಡಿ, ಒಂದು ಬಳ್ಳಿ ತಂದು ಕುಂಡದಲ್ಲಿ ನೆಟ್ಟುಕೊಳ್ಳಿ, ತಿಂಗಳೆರಡರಲ್ಲಿ ಮನೆ ಖರ್ಚಿಗೆ ಸಾಕಾಗುತ್ತದೆ. ಹೆದ್ದಾರಿ ಬದಿ, ಬೈಕಂಪಾಡಿಯಂಥ ಕೈಗಾರಿಕೆಯ ಜಾಗ ಬೇಡವೇ ಬೇಡ. ತೋಟದ ಅಂಚಿನಲ್ಲಿ ಹುಲ್ಲು ಒಂದೇ ಸಮ ಹಳದಿಯಾಗಿ ಸುಟ್ಟ ಹಾಗಿದ್ದರೆ ಕಳೆನಾಶಕ ಹೊಡೆದಿದ್ದಾರೆ ಅಂತ ತಿಳಿದುಕೊಳ್ಳಿ.

ಆಟಿ ಅಮಾವಾಸ್ಯೆಯ ದಿನ ಇಲ್ಲಿಯವರು ಕುಡಿಯುವ ಹಾಲೆ ಮರದ ತೊಗಟೆಯ ಕಷಾಯದ ಬಗ್ಗೆ ನೀವು ಕೇಳಿಲ್ಲ. ಆದರೆ ಮೊದಲ ವರ್ಷದ ಉತ್ಸಾಹದಲ್ಲಿ ಅದಕ್ಕೇ ಹೊರಡುತ್ತೀರಿ ಅಂತ ನನಗೆ ಹೆದರಿಕೆ. ಬೆಳಗಾಗುವ ಮೊದಲು, ಕಬ್ಬಿಣ ತಾಗಿಸದೆ ಕಲ್ಲಿನಲ್ಲಿ ಜಜ್ಜಿ ತೊಗಟೆ ತೆಗೆಯುವುದು ಕ್ರಮ. ಆ ಕತ್ತಲೇ ಸಮಸ್ಯೆ. ಕಾಸರಕದ ಮರ, ತುಳುವಿನ ಕಾಯೆರ್, ಇದೇ ಗುಡ್ಡಗಳಲ್ಲಿ ಉಂಟು. ಅದರಲ್ಲಿ ಇರುವುದು ಸ್ಟ್ರಿಕ್ನಿನ್, ಮೈ ಸೆಟೆದು ಉಸಿರು ನಿಲ್ಲಿಸುವ ವಿಷ. ಹಾಲೆಯ ಎಲೆಗಳು ಒಂದೇ ಗೆಣ್ಣಿನ ಸುತ್ತ ಕೊಡೆ ಬಿಡಿಸಿದ ಹಾಗೆ ಐದಾರು, ಏಳರವರೆಗೂ ಇರುತ್ತವೆ. ಗೀರಿದರೆ ಬಿಳಿ ಹಾಲು ಬರುತ್ತದೆ. ಕಾಸರಕದ ಎಲೆ ಎದುರುಬದುರು ಎರಡೆರಡೇ, ಬುಡದಿಂದಲೇ ಮೂರೋ ಐದೋ ನರ ಎದ್ದು ಕಾಣುತ್ತವೆ, ಹಾಲಿಲ್ಲ. ಹಾಲು ಬಂದ ಮಾತ್ರಕ್ಕೆ ಹಾಲೆ ಅಂತಲೂ ಅಲ್ಲ, ಹಾಲು ಬರುವ ಮರ ಬೇರೆಯೂ ಬೇಕಾದಷ್ಟಿವೆ. ನಮ್ಮ ದೊಡ್ಡಪ್ಪ ಹಿಂದಿನ ದಿನ ಹಗಲಿನಲ್ಲೇ ಹೋಗಿ, ತಲೆ ಎತ್ತಿ ಎಲೆ ನೋಡಿ, ಮರಕ್ಕೆ ಬಾಳೆನಾರು ಕಟ್ಟಿ ಬರುತ್ತಿದ್ದರು. ನೀವು ಮೊದಲ ಐದು ವರ್ಷ ಯಾರಾದರೂ ಕೊಟ್ಟ ಕಷಾಯ ಕುಡಿದು, ಮೇಲಿಂದ ಮೆಂತೆ ಗಂಜಿ ಉಂಡು ಮಲಗಿ. ಮರದ ಮಟ್ಟಿಗೂ ಅದು ಒಳ್ಳೆಯದು. ಪೇಟೆ ಹತ್ತಿರದ ಹಾಲೆ ಮರಗಳಿಗೆ ವರ್ಷವೂ ಸುತ್ತ ತೊಗಟೆ ಕೀಳುವುದನ್ನು ನೋಡಿದರೆ ಸಂಕಟವಾಗುತ್ತದೆ. ಸುತ್ತ ಪೂರ್ತಿ ಸುಲಿದ ಮರ ಉಳಿಯುವುದಿಲ್ಲ.

ಯಾರದ್ದು ಅಂತ ಕೇಳದೆ ಕೊಯ್ಯುವ ಜಾಗ ಇಲ್ಲಿ ತುಂಬಾ ಕಡಿಮೆ. ಖಾಲಿ ಗುಡ್ಡ ಅಂತ ಕಂಡದ್ದು ಕುಮ್ಕಿ ಆಗಿರಬಹುದು: ಜಾಗ ಸರ್ಕಾರದ್ದು, ಸೊಪ್ಪು ಕಟ್ಟಿಗೆಯ ಅನುಕೂಲ ಪಕ್ಕದ ಜಮೀನಿನವರದ್ದು. ಅಲ್ಲಿಯ ಮನೆಗೆ ಹೋಗಿ ಕೇಳಿ. ಬೇಡ ಅನ್ನುವವರು ಅಪರೂಪ, ಮೇಲಿಂದ ಎರಡು ಗಿಡದ ಗುರುತೂ ಸಿಗುತ್ತದೆ. ನಾಗಬನದಿಂದ ಒಂದು ಎಲೆಯೂ ಬೇಡ, ನಿಮಗೆ ನಂಬಿಕೆ ಇರಲಿ ಬಿಡಲಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ ಅಭಯಾರಣ್ಯದೊಳಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಮೀಸಲು ಅರಣ್ಯಕ್ಕೆ 1963ರ ಕರ್ನಾಟಕ ಅರಣ್ಯ ಕಾಯ್ದೆ. ಕಣಿಲೆ ಕಡಿಯಲಿಕ್ಕೆ ಅಲ್ಲಿ ನುಗ್ಗಿದರೆ ಕೇಸು. ಒಂದು ಕಣಿಲೆ ಅಂದರೆ ಮುಂದಿನ ಒಂದು ಬಿದಿರು ಅಲ್ಲವಾ? ಕಣಿಲೆ ಬೇಕಾದರೆ ಮಾರ್ಕೆಟಿನಲ್ಲಿ ಮಾರುವವರ ಹತ್ತಿರ ತೆಗೆದುಕೊಳ್ಳಿ. ತೆಳ್ಳಗೆ ಕೊಚ್ಚಿ ಎರಡು ಮೂರು ದಿನ ನೀರಿನಲ್ಲಿಡಿ, ದಿನಾ ನೀರು ಬದಲಿಸಿ, ಮತ್ತೆ ಬೇಯಿಸಿ. ಹಸಿಯದ್ದರಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ, ಆ ಎರಡು ದಿನ ಉಳಿಸಲಿಕ್ಕೆ ಹೋಗಬೇಡಿ.

ಮಾರುವ ಅಮ್ಮಂದಿರ ಹತ್ತಿರ ಕಟ್ಟು ತಜಂಕ್ ಕೊಳ್ಳುವಾಗ ಚೌಕಾಶಿ ಮಾಡದೆ ಎರಡು ಪ್ರಶ್ನೆ ಕೇಳಿ ನೋಡಿ. ನನಗೆ ಅರ್ಧ ವಿದ್ಯೆ ಸಿಕ್ಕಿದ್ದು ಅಲ್ಲೇ.

ಅಣಬೆ: ಬೇಡ. ಬೋಗಿ ಮರದ ಬುಡದ ಕಲ್ಲಣಬೆಯನ್ನೂ ನಾನು ದುಡ್ಡು ಕೊಟ್ಟೇ ತರುವುದು. ಬೆಳ್ಳಿ ನಾಣ್ಯ ಕಪ್ಪಾದರೆ ವಿಷ, ಹುಳ ತಿಂದಿದ್ದರೆ ಒಳ್ಳೆಯದು ಅನ್ನುವುದೆಲ್ಲ ಸುಳ್ಳು. ಕೊಲ್ಲುವ ಅಣಬೆಗಳ ವಿಷ ಬೇಯಿಸಿದರೂ ಹೋಗುವುದಿಲ್ಲ, ವಾಂತಿ ಶುರುವಾಗುವುದೇ ತಿಂದು ಆರು ಗಂಟೆ ಕಳೆದ ಮೇಲೆ. ಏನು ತಿಂದು ಹೆಚ್ಚುಕಮ್ಮಿ ಆದರೂ 108ಕ್ಕೆ ಫೋನ್ ಮಾಡಿ, ಉಳಿದ ಗಿಡವನ್ನೋ ಪಲ್ಯವನ್ನೋ ಕಟ್ಟಿಕೊಂಡೇ ಆಸ್ಪತ್ರೆಗೆ ಹೋಗಿ.

ಪುರುಸೊತ್ತು ಇದ್ದರೆ ಒಂದು ಭಾನುವಾರ ಮಂಗಳೂರಿನ ಪಿಲಿಕುಳ ನಿಸರ್ಗಧಾಮಕ್ಕೆ ಹೋಗಿ ಬನ್ನಿ, ಔಷಧಿ ಗಿಡಗಳನ್ನೂ ಘಟ್ಟದ ಮರಗಳನ್ನೂ ಅಲ್ಲಿ ಬೆಳೆಸಿದ್ದಾರೆ. ಜೂನ್ ಕೊನೆಗೆ ತಜಂಕ್ ಕಂಡರೆ ಎಲೆ ಎಣಿಸಿ, ಪಕ್ಕದ ಮನೆಯವರಿಗೆ ತೋರಿಸಿ. ಫೋಟೊ ಇಲ್ಲಿ ಹಾಕಿ "ಇದು ತಿನ್ನಬಹುದಾ?" ಅಂತ ಮಾತ್ರ ಕೇಳಬೇಡಿ. ಫೋಟೊ ನೋಡಿ ಹೇಳುವುದಾದರೆ ನಾನೂ ಆ ಆ್ಯಪ್‌ನಷ್ಟೇ.